ಕುಡಿಯದವನ ರಕ್ತ

"ಇವತ್ತು ಇಟ್ಸೆಲ್‌ನ ನಾನೇ ಕರ್ಕೊಂಡ್ ಬರ್ತೀನಿ ಅಪಾ. ನೀವು ಸ್ಕೂಲ್ ಹತ್ರ ಹೋಗ್ಬೇಡಿ," ಎಂದು ಮಗಳು ಯದೀರಾ ಬೆಳಿಗ್ಗೆ ಫೋನಿನಲ್ಲಿ ಹೇಳಿ, ಯಾಕೆ ಎಂದು ಅವನು ಕೇಳುವುದರೊಳಗೆ ಇಟ್ಟುಬಿಟ್ಟಿದ್ದಳು. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತಾಯಿ ತನ್ನ ಮಗುವನ್ನು ತಾನೇ ಕರೆತಂದರೆ ಊರೇನೂ ಮುಳುಗುವುದಿಲ್ಲ. ಆದರೆ ಆ ‘ಹೋಗ್ಬೇಡಿ’ಯಲ್ಲಿ ಏನೋ ಇತ್ತು. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹತ್ತಿರ ನಾಲಿಗೆ ಹೋಗುವ ಹಾಗೆ ಎವಾರಿಸ್ತೊ ಲೊಂಗೋರಿಯಾನ ಮನಸ್ಸು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ದಿನಾ ಬೆಳಿಗ್ಗೆ ಅವಳು ಕೆಲಸಕ್ಕೆ ಹೋಗುವ ದಾರಿಯಲ್ಲಿ ಅವನ ಜಗಲಿಯ ಮೇಲೆ ಊಟದ ಡಬ್ಬಿ ಇಟ್ಟು, ಸೊಳ್ಳೆಪರದೆಯ ಬಾಗಿಲಿಗೆ ಬಾಯಿ ಹಚ್ಚಿ, "ಅಪಾ, ಎದ್ರಾ?" ಎಂದು ಕೂಗುತ್ತಿದ್ದಳು. ಇವತ್ತು ಡಬ್ಬಿ ಇತ್ತು, ಕೂಗು ಇರಲಿಲ್ಲ. ಶಾಲೆ ಬಿಟ್ಟಾಗಿನಿಂದ ಯದೀರಾ ಕೆಲಸ ಮುಗಿಸಿ ಬರುವ ತನಕದ ಆ ಒಂದಿಷ್ಟು ಹೊತ್ತು, ಪಕ್ಕದ ಸೀಟಿನಲ್ಲಿ ಕಾಲು ಆಡಿಸುತ್ತ, ತಾತನನ್ನು ‘ಗ್ವೇಲೊ’ ಎನ್ನುತ್ತ ಕೂರುವ ಮೊಮ್ಮಗಳ ಬಾಯಿಪಟಾಕಿ, ಅದಿಷ್ಟೇ ಅವನ ದಿನ. ಮಿಕ್ಕಿದ್ದು ಅದಕ್ಕಾಗಿ ಕಾಯುವುದು. ನೀರುಗಂಟಿಯ ಕೆಲಸದಲ್ಲಿದ್ದಾಗ ಕಾಲುವೆಯ ತೂಬು ಎತ್ತಿ ಇಳಿಸಿ ದಿನ ಸವೆಯುತ್ತಿತ್ತು. ಮೊಣಕಾಲು ಕೈಕೊಟ್ಟು ಮನೆಗೆ ಬಂದ ಮೇಲೆ, ಅದರಲ್ಲೂ ಹೆಂಡತಿ ಒಫೇಲಿಯಾ ಹೋದಮೇಲೆ, ಹಾಳಾದ್ದು ಎಷ್ಟು ಉದ್ದ ಈ ಬೆಳಗು ಎಂದು ಗೊತ್ತಾಗಿದ್ದು. ಆಸ್ಪತ್ರೆಯ ಅಂಗಳದಲ್ಲಿ ಪಿಕಪ್ ನಿಲ್ಲಿಸಿ, ಸ್ಟೀರಿಂಗಿಗೆ ಒತ್ತಿಕೊಂಡಿದ್ದ ಹೊಟ್ಟೆಯನ್ನು ಒಳಗೆಳೆದುಕೊಂಡು ಇಳಿಯುವಾಗ, ಮಗಳಿಗೆ ಯಾವುದೋ ವಿಷಯದಲ್ಲಿ ಸಿಟ್ಟು ಬಂದಿದೆ ಅಷ್ಟೇ, ಸಂಜೆಗೆ ಇಳಿಯುತ್ತದೆ ಎಂದುಕೊಂಡ.

ಒಳಗೆ, ಕುರ್ಚಿಗಳಿಗೆಲ್ಲ ಕೈಗಳಿದ್ದವು, ಅವನ ಮೈ ಅವುಗಳ ನಡುವೆ ಹಿಡಿಸುತ್ತಿರಲಿಲ್ಲ. ಎಂದಿನಂತೆ ಇವತ್ತೂ ಅವನು ಕೂರದೆ, ಗೋಡೆಯ ಮೇಲಿನ ಚಿತ್ರಗಳನ್ನು ನೋಡಬಂದವನ ಹಾಗೆ ನಿಂತ. ನರ್ಸ್ ಹುಡುಗಿ ಕರೆದು ತೋಳಿಗೆ ಬಿಪಿ ಪಟ್ಟಿ ಸುತ್ತಿದಳು. ಗಾಳಿ ತುಂಬುತ್ತಿದ್ದ ಹಾಗೇ ಪಟ್ಟಿ ಪರ್ರನೆ ಬಿಚ್ಚಿಕೊಂಡಿತು. ಮತ್ತೆ ಸುತ್ತಿದಳು, ಮತ್ತೆ ಬಿಚ್ಚಿತು. "ಲೇ, ತೊಡೆ ಪಟ್ಟಿ ತಗೊಂಬಾರೇ, ಇದು ಸಾಲ್ತಿಲ್ಲ," ಎಂದು ಅವಳು ಬಾಗಿಲಾಚೆಗೆ ಕೂಗಿದಾಗ ಅಲ್ಲಿ ಕೂತವರೆಲ್ಲ ಒಮ್ಮೆ ತಲೆಯೆತ್ತಿದರು. ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಮುದುಕಿಯೊಬ್ಬಳು, ಪಾಪ, ಮರ್ಯಾದೆಗಾಗಿ ಕಿಟಕಿಯ ಕಡೆ ತಿರುಗಿಕೊಂಡಳು. ಹುಡುಗಿಯದೇನೂ ತಪ್ಪಿರಲಿಲ್ಲ. ಅವಳ ದನಿಯಲ್ಲಿ ತಾತ್ಸಾರವೂ ಇರಲಿಲ್ಲ, ದೊಡ್ಡ ಬೋಲ್ಟಿಗೆ ದೊಡ್ಡ ಸ್ಪ್ಯಾನರ್ ಕೇಳಿದಂತಿತ್ತು. ಅದೇ ಅವನಿಗೆ ಚುಚ್ಚಿತು. ತೊಡೆಗೆ ಸುತ್ತುವ ಪಟ್ಟಿಯನ್ನು ತೋಳಿಗೆ ಸುತ್ತಿಸಿಕೊಂಡು, ಅದು ಬಿಗಿಯುತ್ತ ಹೋದಾಗ ಬೆರಳ ತುದಿಗಳು ದಪದಪ ಹೊಡೆದುಕೊಳ್ಳುವುದನ್ನು ನೋಡುತ್ತ ಕೂತ. "ತುಂಬಾ ಜಾಸ್ತಿ ಇದೆ ಡಾನ್ ಎವಾರಿಸ್ತೊ, ಮಾತ್ರೆ ನುಂಗ್ತಿದೀರಾ?" ಎಂದಳು ಹುಡುಗಿ, ಹಿರಿಯರ ಹೆಸರಿಗೆ ಮರ್ಯಾದೆಗೆ ಹಚ್ಚುವ ‘ಡಾನ್’ ಸೇರಿಸಿ. "ನುಂಗ್ತಿದೀನಮ್ಮ," ಎಂದ. ಅದು ನಿಜ.

ಡಾಕ್ಟರ್ ಬರ್ರೇರಾಗೆ ಯದೀರಾಳಷ್ಟೇ ವಯಸ್ಸು. ಚಿಕ್ಕ ಕೈಗಳು, ಚಿಕ್ಕ ವಾಚು. ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ವಾರಕ್ಕೆ ಎಷ್ಟು ಕುಡಿತೀರಿ ಡಾನ್ ಎವಾರಿಸ್ತೊ?" ಎಂದು, ಎಷ್ಟು ಮಕ್ಕಳು ಎಂದು ಕೇಳಿದ ಹಾಗೆ ಕೇಳಿದಳು.

"ಕುಡಿಯಲ್ಲ ಡಾಕ್ಟ್ರೆ. ಆಣೆ ಹಾಕಿದೀನಿ."

ಈ ಕಣಿವೆಯಲ್ಲಿ ಹುಟ್ಟಿದವರಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಚರ್ಚಿನಲ್ಲಿ ದೇವಮಾತೆ ಗ್ವಾದಲೂಪೆ ತಾಯಿಯ ಪಟದ ಮುಂದೆ, ಫಾದರ್ ಪಕ್ಕದಲ್ಲಿ ನಿಂತಿರುವಾಗ, ಮೊಣಕಾಲೂರಿ, ಇಷ್ಟು ಕಾಲ ಒಂದು ಹನಿ ಮುಟ್ಟುವುದಿಲ್ಲ ತಾಯಿ ಎಂದು ಹಾಕುವ ಆಣೆ ಅದು. ಮೂರು ತಿಂಗಳಿಗೆ ಹಾಕುವವರುಂಟು. ಸೋದರಳಿಯನ ಮದುವೆ ಬಂತೆಂದು ಫಾದರ್ ಹತ್ತಿರ ಒಂದು ದಿನದ ವಿನಾಯಿತಿ ಕೇಳಲು ಹೋಗಿ ಬೈಸಿಕೊಂಡು ಬಂದ ಪುಣ್ಯಾತ್ಮರೂ ಉಂಟು. ಎವಾರಿಸ್ತೊ ವರ್ಷಕ್ಕೆಂದು ಹಾಕಿದ್ದು, ಪ್ರತಿ ಡಿಸೆಂಬರಿನಲ್ಲಿ ಹೊಸದು ಮಾಡುತ್ತ ಬಂದದ್ದು. ಮದುವೆಗಳಲ್ಲಿ ಯಾರಾದರೂ ಬಿಯರ್ ಚಾಚಿದರೆ ಇನ್ನೊಬ್ಬರು, "ಏ, ಅವನು ಆಣೆಯೋನು, ಬಿಡೋ," ಎಂದು ಕೈ ತಡೆಯುತ್ತಿದ್ದರು. ಆಗೆಲ್ಲ ಸೋಡಾ ಹಿಡಿದ ಅವನ ಕೈಗೆ ಒಂದು ಬಗೆಯ ಗಾಂಭೀರ್ಯ ಬರುತ್ತಿತ್ತು. ಅವನ ಜೀವಮಾನದಲ್ಲಿ ಪೂರ್ತಿ ನಿಜವಾಗಿದ್ದದ್ದು ಏನಾದರೂ ಇದ್ದರೆ ಅದೊಂದೇ.

"ನಂಬ್ತೀನಿ," ಎಂದಳು ಡಾಕ್ಟರ್. ನಂಬದವರು ಮಾತ್ರ ಅಷ್ಟು ಬೇಗ ನಂಬ್ತೀನಿ ಅನ್ನುತ್ತಾರೆ. "ಕೇಳ್ಲೇಬೇಕಾಗುತ್ತೆ, ಬೇಜಾರ್ ಮಾಡ್ಕೋಬೇಡಿ. ರಕ್ತದಲ್ಲಿ ಲಿವರಿನ ಕಿಣ್ವಗಳು ಏರಿವೆ. ಅದರಲ್ಲೂ ಜಿಜಿಟಿ ಅಂತ ಒಂದಿದೆ, ಅದು ಸಿಕ್ಕಾಪಟ್ಟೆ ಏರಿದೆ. ಕುಡಿಯೋರಿಗೆ ಅದು ಏರುತ್ತೆ. ಆದ್ರೆ ಕುಡಿಯದೇ ಇರೋರಿಗೂ, ಬಿಪಿ ಇದ್ದು ಮೈ ಬಂದಿದ್ರೆ, ಲಿವರಿನಲ್ಲಿ ಕೊಬ್ಬು ತುಂಬ್ಕೊಂಡು ಏರುತ್ತೆ. ನಮ್ಮ ಕಡೆ ಮನೆಗೊಬ್ರು ಸಿಗ್ತಾರೆ ಬಿಡಿ. ಯಾವ ಕಾರಣಕ್ಕೆ ಏರ್ತು ಅಂತ ಈ ಸಂಖ್ಯೆ ಹೇಳಲ್ಲ. ನೀವೇ ಹೇಳ್ಬೇಕು."

"ಕುಡಿಯಲ್ಲ," ಎಂದ ಅವನು ಮತ್ತೆ. ಯಾಕೋ ಈ ಸಲ ದನಿ ಕಳ್ಳನ ದನಿಯಂತಿತ್ತು. ತನ್ನ ರಕ್ತವೇ ತನ್ನ ವಿರುದ್ಧ ಚಾಡಿ ಹೇಳಿ ಬಂದಿದೆ, ಈಗ ತಾನು ಏನು ಹೇಳಿದರೂ ಅದರ ಮುಂದೆ ಸಪ್ಪೆ ಎನ್ನಿಸಿತು. ಕುಡಿಯುತ್ತಿದ್ದ ಕಾಲದಲ್ಲಿ ಇಲ್ಲ ಎನ್ನುವಾಗ ಎಷ್ಟು ಸಲೀಸಾಗಿ, ಎಷ್ಟು ರೋಷದಿಂದ ಬರುತ್ತಿತ್ತು ಮಾತು! ನಿಜಕ್ಕೆ ಆ ಅಭ್ಯಾಸವಿರಲಿಲ್ಲ.

"ಸರಿ. ಊಟ ಹೇಗೆ?"

"ಮಗಳು ಕಟ್ಟಿಕೊಡ್ತಾಳೆ. ಪಾಪಾಸುಕಳ್ಳಿ ಪಲ್ಯ, ಬೇಯಿಸಿದ ಕೋಳಿ, ಒಂದೇ ಒಂದು ಟೋರ್ಟಿಯಾ ರೊಟ್ಟಿ."

"ಅಷ್ಟೇನಾ?"

"ಅಷ್ಟೇ ಡಾಕ್ಟ್ರೆ. ಬೇರೆ ಮುಟ್ಟಲ್ಲ."

"ಪುಣ್ಯ ಮಾಡಿದೀರಿ. ಇಂಥ ಮಗಳು ಎಷ್ಟ್ ಜನಕ್ಕೆ ಸಿಗ್ತಾಳೆ," ಎಂದು ಅವಳು ಮೊದಲ ಸಲ ಅವನ ಮುಖ ನೋಡಿ ನಕ್ಕು, ಅದನ್ನೇ ಬರೆದುಕೊಂಡಳು. ಒಂದು ಪ್ರಶ್ನೆಯಿಲ್ಲ, ಹುಬ್ಬು ಕೂಡ ಏರಿಸಲಿಲ್ಲ. ನಿಜ ಹೇಳಿದಾಗ ನೋಡದ ಕಣ್ಣು ಸುಳ್ಳು ಹೇಳಿದಾಗ ನೋಡಿ ನಕ್ಕಿತು. ಹೊರಡುವಾಗ ಅವಳೇ ಹೇಳಿದಳು: "ರಿಪೋರ್ಟ್ ನಿನ್ನೆ ರಾತ್ರೀನೇ ನಿಮ್ಮ ಮಗಳ ಫೋನಿಗೆ ಹೋಗಿದೆಯಲ್ಲ, ನೋಡಿರ್ತಾರೆ. ಗಾಬರಿ ಆಗೋದ್ ಬೇಡ ಅಂತ ಹೇಳಿ."

ಅವನ ಬೀದಿಯ ಮುದುಕರೆಲ್ಲರ ರಕ್ತ, ಮೂತ್ರ, ಎದೆಯ ಗೆರೆ ಎಲ್ಲ ಮಕ್ಕಳ ಫೋನಿನೊಳಗೇ ಇರುವುದು. ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವವರು ಯಾರು, ಇಂಗ್ಲಿಷ್ ಓದುವವರು ಯಾರು? ಅವನೂ ಅಂದು ಉದಾರವಾಗಿ, "ಮಗಳ ನಂಬರೇ ಹಾಕ್ಕೊಳ್ಳಿ" ಎಂದಿದ್ದ. ಡಾಕ್ಟರ್ ನೋಡುವ ಮುಂಚೆಯೇ, ಜೊತೆಯಲ್ಲಿ ಒಂದು ಮಾತಿಲ್ಲದೆ, ಕೆಂಪು ಅಕ್ಷರದ ಅಂಕಿ ಯದೀರಾಳ ಅಂಗೈಗೆ ಬಂದು ಬಿದ್ದಿರಬೇಕು. ಅವಳು ಜಿಜಿಟಿ ಎಂಬ ಆ ಮೂರು ಅಕ್ಷರವನ್ನು ಒತ್ತಿ ಹುಡುಕಿರಬೇಕು. ಅಲ್ಲಿ ಮೊದಲ ಸಾಲಿನಲ್ಲಿ ಏನು ಬಂದಿರುತ್ತದೆಂದು ಯೋಚಿಸಲು ದೊಡ್ಡ ಬುದ್ಧಿ ಬೇಕಿರಲಿಲ್ಲ. ಹಾಗಾದರೆ ‘ಹೋಗ್ಬೇಡಿ’ ಎಂದರೆ ಇವತ್ತಿಗಷ್ಟೇ ಅಲ್ಲ. ಕುಡುಕನ ಗಾಡಿಯಲ್ಲಿ ಮಗುವನ್ನು ಕೂರಿಸುವುದಿಲ್ಲ ಎಂದು. ಪಿಕಪ್ಪಿನ ಬಾಗಿಲು ತೆಗೆಯುವಾಗ ಫೋನ್ ಬಂತು. "ಸಾಯಂಕಾಲ ಊಟಕ್ಕೆ ಬನ್ನಿ ಅಪಾ, ಮಾತಾಡೋದಿದೆ." ದನಿ ಮೆತ್ತಗಿತ್ತು. ಬೈದಿದ್ದರೆ ವಾಸಿಯಿತ್ತು.

ಗಾಡಿ ತಾನಾಗಿಯೇ ಹೋದ ಹಾಗೆ ಹೋಗಿ ಟೈರ್ ಅಂಗಡಿಯ ಹಿಂದೆ, ಕಾಲುವೆಯ ಏರಿಯ ಪಕ್ಕ ನಿಂತಿತು. ದಾರಿಯಲ್ಲಿ ಎಲ್ಲಿ ನಿಲ್ಲಿಸಿದ, ಏನು ಕೊಂಡ ಎಂದು ಕೇಳಿದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ, ಪೊಟ್ಟಣ ಮಾತ್ರ ತೊಡೆಯ ಮೇಲೆ ಬಿಸಿಯಾಗಿತ್ತು. ಮೊದಲು ಡಬ್ಬಿಯ ಕೆಲಸ. ಇಳಿದು, ಯದೀರಾ ಕಟ್ಟಿದ ಕಳ್ಳಿ ಪಲ್ಯ, ಕೋಳಿ ಎಲ್ಲವನ್ನೂ ಹಳೆ ಟೈರಿನೊಳಗೆ ಸುರಿದ. ಬೀದಿ ನಾಯಿಗಳು ಅವನ ಗಾಡಿಯ ಸದ್ದಿಗೇ ಬಂದಿದ್ದವು, ಕೋಳಿ ತಿಂದು ಕಳ್ಳಿಯನ್ನು ಮೂಸಿ ಬಿಟ್ಟವು. "ಏನ್ ಕೊಂಪಾದ್ರೆ, ನಾಯಿಗಳಿಗೂ ಪಥ್ಯ ಮಾಡಿಸ್ತಿದೀಯಲ್ಲೋ!" ಎಂದು ಅಂಗಡಿಯ ಹಳೆ ಗೆಳೆಯ ಚೆಂಚೊ ಒಳಗಿನಿಂದಲೇ ಕೂಗಿ ನಕ್ಕ. ದಿನವೂ ಮಾಡುವ ತಮಾಷೆ. ಎವಾರಿಸ್ತೊ ದಿನದಂತೆ ಕೈಯೆತ್ತಿದ. ಆಮೇಲೆ ಗಾಡಿಯೊಳಗೆ, ಕಿಟಕಿ ಏರಿಸಿಕೊಂಡು, ಮೆಣಸಿನ ರಸದಲ್ಲಿ ಬೇಯಿಸಿದ ಹಂದಿಚರ್ಮವನ್ನು ರೊಟ್ಟಿಯಲ್ಲಿ ಮಡಿಸಿದ ಟಾಕೊಗಳನ್ನು ಒಂದಾದ ಮೇಲೊಂದರಂತೆ, ರುಚಿ ನೋಡದೆ, ಯಾರೋ ಬೆನ್ನಟ್ಟಿದ ಹಾಗೆ ತಿಂದ. ಹಸಿವಾಗಿರಲಿಲ್ಲ. ಹಸಿವಿಗೂ ಇದಕ್ಕೂ ಸಂಬಂಧವಿಲ್ಲವೆಂದು ಅವನಿಗೆ ಗೊತ್ತಿತ್ತು. ತುಪ್ಪಳದಂಥ ಮೆತ್ತಗಿನ ಒಂದು ಮೌನ ಗಂಟಲಿನಿಂದ ಇಳಿದು ಹೊಟ್ಟೆಯಲ್ಲಿ ಕೂರುತ್ತಿತ್ತು, ಹಿಂದೆ ಬೇರೆಯದರಿಂದ ಕೂರುತ್ತಿದ್ದ ಹಾಗೆಯೇ. ಬೆರಳ ನಡುವೆ ಜಿಡ್ಡು ಇಳಿದು ಕೈ ಜಾರಿತು. ಆವತ್ತೂ ಕೈ ಹೀಗೇ ಜಾರುತ್ತಿತ್ತು, ಬೆಳ್ಳಿ ಬಣ್ಣದ ಆ ಪಟ್ಟಿ, ಸೂಜಿಯಷ್ಟು ಸಣ್ಣ ಬಕಲು. ಯದೀರಾಗೆ ಹದಿನೈದು ತುಂಬಿದ ಹಬ್ಬ, ನೆಂಟರಿಷ್ಟರೆಲ್ಲ ಸುತ್ತ ನಿಂತಿದ್ದಾರೆ, ಅಪ್ಪ ಮಂಡಿಯೂರಿ ಮಗಳ ಕಾಲಿನ ಚಪ್ಪಟೆ ಚಪ್ಪಲಿ ಬಿಚ್ಚಿ ಮೊದಲ ಎತ್ತರದ ಹಿಮ್ಮಡಿಯ ಜೋಡು ತೊಡಿಸಬೇಕು, ವಾದ್ಯದವರು ಕಾದಿದ್ದಾರೆ. ತೊಡಿಸಲು ಆಗಲಿಲ್ಲ. ಕುಡಿದ ಕಣ್ಣಿಗೆ ಬಕಲುಗಳು ಎರಡೆರಡಾಗಿ ಕಂಡವು. ಮುಗ್ಗರಿಸಿ ಅವಳ ಗುಲಾಬಿ ಲಂಗ ಹಿಡಿದೆಳೆದುಕೊಂಡು ಬಿದ್ದ. ಒಫೇಲಿಯಾ ಬಂದು ಬಕಲು ಹಾಕಿದಳು. ಯದೀರಾ ಅಳಲಿಲ್ಲ, ತಲೆಯ ಮೇಲಿನ ಕಿರೀಟ ಸರಿಮಾಡಿಕೊಂಡು, ಸೋದರಮಾವನ ಕೈ ಹಿಡಿದು ಕುಣಿದಳು. ಆ ಅಳದ ಮುಖವನ್ನು ಈ ಜನ್ಮದಲ್ಲಿ ಮರೆಯುವುದು ಸಾಧ್ಯವಿಲ್ಲ. ಪೊಟ್ಟಣ ಬರಿದಾಗಿತ್ತು. ಬಾಯಿ ಒರೆಸಿದ, ಗದ್ದ ಒರೆಸಿದ, ಪುದೀನದ ಗುಳಿಗೆ ಬಾಯಿಗೆ ಹಾಕಿಕೊಂಡ, ಕಾಗದವನ್ನೆಲ್ಲ ಮುದ್ದೆ ಮಾಡಿ ದೂರದ ಪೆಟ್ರೋಲ್ ಬಂಕಿನ ತನಕ ಹೋಗಿ ಅಲ್ಲಿನ ತೊಟ್ಟಿಗೆ ಎಸೆದ. ಕುಡಿಯುವುದನ್ನು ಬಿಟ್ಟಿದ್ದ ನಿಜ. ಬಚ್ಚಿಡುವುದನ್ನು ಬಿಟ್ಟಿರಲಿಲ್ಲ.

ಯದೀರಾ ಅಡಿಗೆಮನೆಯ ಮೇಜಿನ ಮುಂದೆ, ಅವನಿಗೆಂದೇ ತಂದಿಟ್ಟ ಕೈಗಳಿಲ್ಲದ ಅಗಲ ಕುರ್ಚಿಯನ್ನು ಎಳೆದು ಕೂರಿಸಿದಳು. ಇಟ್ಸೆಲ್ ಓಡಿ ಬಂದು ಅವನ ತೊಡೆಗೆ ಆತುಕೊಂಡದ್ದೇ, "ಒಳಗೆ ಹೋಗು, ಟೀವಿ ನೋಡ್ಕೊ," ಎಂದು ಕಳಿಸಿದಳು. ಒಲೆಯ ಮೇಲೆ ಏನೋ ಬೇಯುತ್ತಿತ್ತು. ಅವಳ ಹೆಬ್ಬೆರಳಿಗೆ ಪಟ್ಟಿ ಸುತ್ತಿತ್ತು, ಕಳ್ಳಿಯ ಮುಳ್ಳು ಹೆರೆಯುವಾಗ ಆಗುವಂಥದ್ದು.

"ಡಾಕ್ಟ್ರು ಏನಂದ್ರು?"

"ಕೊಬ್ಬಂತೆ ಮಿಹಾ, ನನ್ನ ಮಗಳೇ. ಲಿವರಿನಲ್ಲಿ ಕೊಬ್ಬು. ಬಿಪಿ ಇರೋರಿಗೆ, ಮೈ ಬಂದೋರಿಗೆ ಕುಡೀದಿದ್ರೂ ಏರುತ್ತಂತೆ. ಅವರೇ ಹೇಳಿದ್ರು, ಬೇಕಾದ್ರೆ ಫೋನ್ ಮಾಡಿ ಕೇಳು."

"ಕೊಬ್ಬು." ಅವಳು ಆ ಮಾತನ್ನು ಬಾಯಲ್ಲಿಟ್ಟುಕೊಂಡು ನೋಡಿದಳು. "ಹಿಂದೆ ಕೆಮ್ಮಿನ ಔಷಧಿ ಅಂತಿದ್ರಿ."

"ಗ್ವಾದಲೂಪೆ ತಾಯಿ ಆಣೆಗೂ..."

"ತಾಯೀನ ಎಳೀಬೇಡಿ ಅಪಾ, ಕೈ ಮುಗಿತೀನಿ. ಕೊಬ್ಬು ಎಲ್ಲಿಂದ ಬರ್ಬೇಕು ಹೇಳಿ? ನೀವು ತಿನ್ನೋದು ನಾನು ಕಟ್ಟಿದ್ದೇ ತಾನೇ? ಅಮ್ಮ ಹೋದಾಗಿಂದ ನಿಮ್ಮ ಡಬ್ಬಿಗೆ ನಾನು ಒಂದು ತೊಟ್ಟು ಎಣ್ಣೆ ಮುಟ್ಟಿಸಿಲ್ಲ. ಸಕ್ಕರೆ ಕಾಯಿಲೆಗೆ ಅವಳ ಬೆರಳು ಹೋಯ್ತು, ಕಾಲು ಹೋಯ್ತು, ಅವಳೇ ಹೋದ್ಲು. ಅವಳನ್ನ ಉಳಿಸ್ಕೊಳ್ಳಕ್ಕಾಗ್ಲಿಲ್ಲ, ನಿಮ್ಮನ್ನಾದ್ರೂ ಉಳಿಸ್ಕೊಳ್ಳಣ ಅಂತ ಕತ್ತಲೆಗೇ ಎದ್ದು ಸಾಯ್ತೀನಿ. ಆ ಊಟಕ್ಕೆ ಕೊಬ್ಬು ಬರಲ್ಲ ಅಪಾ. ಹಾಗಾದ್ರೆ ಏರಿದ್ದು ಯಾಕೆ?"

ಉತ್ತರ ಅವನ ಹೊಟ್ಟೆಯಲ್ಲೇ ಇನ್ನೂ ಕರಗದೆ ಕೂತಿತ್ತು.

"ನಿಮ್ಮ ಗಾಡಿ ಸೀಟಿನ ಕೆಳಗೆ ಪುದೀನ ಗುಳಿಗೆ ಸಿಕ್ತು. ಪುದೀನ ವಾಸನೆ ಬಂದ್ರೆ ಅವತ್ತು ಕುಡಿದಿದಾರೆ ಅಂತಲೇ ಲೆಕ್ಕ ಅಂತಿದ್ಲು ಅಮ್ಮ. ನಮ್ಮ ಆಫೀಸಿನವಳು ಟೈರ್ ಅಂಗಡಿ ಹಿಂದೆ ನಿಮ್ಮ ಗಾಡಿ ನಿಂತಿರೋದು ನೋಡಿದಾಳೆ, ಕಿಟಕಿ ಏರಿಸ್ಕೊಂಡು. ನಾನು ನಂಬ್ಲಿಲ್ಲ ಅಪಾ. ಜಗಳ ಆಡ್ದೆ ಅವಳ ಜೊತೆ. ನಿನ್ನೆ ಆ ರಿಪೋರ್ಟ್ ನೋಡಿದ್ಮೇಲೆ ಇಟ್ಸೆಲ್‌ನ ಕೇಳ್ದೆ, ಗ್ವೇಲೊ ಅಲ್ಲಿ ಏನ್ ಮಾಡ್ತಾರೆ ಪುಟ್ಟಿ ಅಂತ. ಹೇಳಲ್ಲ, ಗುಟ್ಟು ಅಂದ್ಲು." ಅವಳು ಟೀವಿಯ ಸದ್ದಿನ ಕಡೆ ಕೈ ತೋರಿದಳು. "ಇನ್ನೂ ಹಾಲುಹಲ್ಲು ಬಿದ್ದಿಲ್ಲ ಅದಕ್ಕೆ! ಅದರ ಬಾಯಿಗೂ ಬೀಗ ಹಾಕಿದೀರಲ್ಲ!"

ಹಾಕಿದ್ದು ಹೌದು. ಅರ್ಧ ಸಿಹಿಬನ್ನನ್ನು ಮುರಿದು ಕೊಟ್ಟು, ಅಮ್ಮಂಗೆ ಹೇಳ್ಬಾರ್ದು, ನಮ್ಮಿಬ್ಬರ ಗುಟ್ಟು ಎಂದು ಕಿರುಬೆರಳು ಕೊಂಡಿ ಹಾಕಿಸಿಕೊಂಡಾಗ ಅದೊಂದು ಆಟದಂತಿತ್ತು. ಈಗ ಬಾಯಿ ಬಿಟ್ಟು ಹೇಳಿದರೆ ಮುಗಿಯಿತು. ತಿಂತೀನಿ ಮಿಹಾ, ಕದ್ದು ತಿಂತೀನಿ. ಹೇಳಿದರೆ ತಾಯಿಯ ಮುಂದಿನ ಆಣೆ ಉಳಿಯುತ್ತದೆ, ಮಗು ಬಹುಶಃ ನಾಳೆಯೇ ಗಾಡಿ ಹತ್ತುತ್ತದೆ. ಆದರೆ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ, ಬಂದೇ ಬರುತ್ತದೆ: ಮತ್ತೆ ನನ್ನ ಡಬ್ಬಿ? ಆ ಹೆಬ್ಬೆರಳಿನ ಪಟ್ಟಿಯನ್ನು ನೋಡುತ್ತ ‘ನಾಯಿಗೆ’ ಎಂದು ಹೇಳುವ ನಾಲಿಗೆ ಯಾವ ಅಪ್ಪನಿಗಿದೆ? ದಿನವೂ, ಒಂದು ದಿನ ತಪ್ಪದೆ! ಕುಡಿತವೆಂದರೆ ರೋಗ, ಅದಕ್ಕೆ ಫಾದರ್ ಇದ್ದಾರೆ, ಆಣೆಯಿದೆ, ಬಿದ್ದವನನ್ನು ಎತ್ತುವ ಮಾತುಗಳು ಎಲ್ಲರ ಬಾಯಲ್ಲೂ ಸಿದ್ಧವಾಗಿವೆ. ಇದಕ್ಕೇನಿದೆ? ತಟ್ಟೆಯ ಮುಂದೆ ಕೂತ ಹಂದಿಯನ್ನು ಯಾರು ಎತ್ತುತ್ತಾರೆ?

"ಕುಡಿದೆ ಅನ್ನಿ ಅಪಾ, ಸಾಕು," ಎಂದಳು ಯದೀರಾ. ಎದ್ದು ಬಂದು ಅವನ ಪಕ್ಕದಲ್ಲಿ ಮಂಡಿಯೂರಿದ್ದಳು. "ನಾನು ಬೈಯಲ್ಲ. ಜಾರಿ ಬೀಳೋದು ಯಾರಿಗಿಲ್ಲ? ಭಾನುವಾರ ಹೋಗೋಣ, ಹೊಸದಾಗಿ ಆಣೆ ಹಾಕಿ, ನಾನೂ ಪಕ್ಕದಲ್ಲಿ ಕೂರ್ತೀನಿ. ಸುಳ್ಳು ಮಾತ್ರ ಬೇಡ. ನಿಮ್ಮ ಸುಳ್ಳು ಕೇಳಿ ಕೇಳಿ ನಾನು ಬೆಳೆದಿದ್ದು."

"ಕುಡಿದೆ," ಎಂದ ಎವಾರಿಸ್ತೊ.

ಅಷ್ಟು ವರ್ಷಗಳ ಒಣಗಿದ ಗಂಟಲು, ಅಷ್ಟು ಮದುವೆಗಳ ಸೋಡಾ, ಎಲ್ಲ ಒಂದು ಮಾತಿನಲ್ಲಿ ಹೋಯಿತು. ಸಿಡಿಲೇನೂ ಬಡಿಯಲಿಲ್ಲ. ಯದೀರಾ ಅವನನ್ನು ಅಪ್ಪಿಕೊಂಡು ಬಿಕ್ಕಿದಳು, ಅವಳ ಕೈಗಳು ಅವನ ಬೆನ್ನ ಹಿಂದೆ ಒಂದನ್ನೊಂದು ಮುಟ್ಟಲಾರದೆ ಅಂಗಿಯನ್ನು ಹಿಡಿದುಕೊಂಡವು. ಅವಳು ಹೀಗೆ ಅತ್ತದ್ದನ್ನು ಅವನು ನೋಡಿಯೇ ಇರಲಿಲ್ಲ. ಎಷ್ಟು ಹಾಯಾಗಿತ್ತೆಂದರೆ, ಒಂದು ಗಳಿಗೆ ಅವನಿಗೆ ತಾನು ನಿಜವಾಗಿಯೂ ಕುಡಿದಿದ್ದೆನೇನೋ ಅನ್ನಿಸಿತು.

"ಇಟ್ಸೆಲ್?" ಎಂದ ಅವಳ ತಲೆಗೂದಲ ಮೇಲೆ ಬಾಯಿಟ್ಟು. "ನಾಳೆ ನಾನು..."

ಅವಳು ಕಣ್ಣೊರೆಸಿಕೊಂಡು ಎದ್ದಳು. "ಇಲ್ಲ ಅಪಾ. ಗಾಡೀಲಿ ಬೇಡ. ಒಂದು ವರ್ಷ ಆಣೆ ನಿಲ್ಲಲಿ. ಮೂರು ಮೂರು ತಿಂಗಳಿಗೆ ರಕ್ತ ನೋಡ್ಸೋಣ. ಆ ಕಿಣ್ವ ಇಳೀತಾ ಬಂದ್ರೆ ನಂಗೂ ಧೈರ್ಯ ಬರುತ್ತೆ. ಅಲ್ಲೀವರ್ಗೂ ಇಲ್ಲೇ ಬಂದು ನೋಡಿ, ನಾನಿದ್ದಾಗ." ತಪ್ಪು ಹೇಳಲಿಲ್ಲ ಅವಳು. ಕುಡಿಯದವನು ಕುಡಿಯುವುದನ್ನು ಬಿಟ್ಟರೆ ರಕ್ತದಲ್ಲಿ ಏನು ಇಳಿಯಬೇಕು, ಹೇಗೆ ಇಳಿಯಬೇಕು? ಮೂರು ತಿಂಗಳಿಗೆ ಮತ್ತೆ ಅದೇ ಕೆಂಪು ಅಂಕಿ ಅವಳ ಅಂಗೈಗೆ ಬೀಳುತ್ತದೆ, ಮತ್ತೆ ಇದೇ ಮೇಜು, ಇದೇ ಮೆತ್ತಗಿನ ದನಿ. ಹೇಳು, ಈಗಲೇ ಹೇಳು ಎಂದುಕೊಂಡ. ಅಷ್ಟರಲ್ಲಿ ಅವಳು ತಟ್ಟೆ ತಂದು ಅವನ ಮುಂದಿಟ್ಟಿದ್ದಳು: ಬೇಯಿಸಿದ ಕಳ್ಳಿ, ಈರುಳ್ಳಿ, ಒಂದು ಟೋರ್ಟಿಯಾ. "ತಿನ್ನಿ. ಒಂದು ಮಾತು ಹೇಳ್ಲಾ ಅಪಾ? ಊಟದ ವಿಷಯದಲ್ಲಾದ್ರೂ ನೀವು ನಂಗೆ ಯಾವತ್ತೂ ಮೋಸ ಮಾಡ್ಲಿಲ್ಲ. ಡಬ್ಬಿ ತೊಳೆದಷ್ಟು ಖಾಲಿ ಬರುತ್ತೆ. ಅದನ್ನ ನೋಡಿದಾಗೆಲ್ಲ ನಂಗೆ ಸುಸ್ತೆಲ್ಲ ಹೋಗ್ಬಿಡುತ್ತೆ." ಎವಾರಿಸ್ತೊ ತಿಂದ. ಹೊಟ್ಟೆಯಲ್ಲಿ ಜಾಗವಿರಲಿಲ್ಲ, ಲೋಳೆಲೋಳೆಯ ಒಂದೊಂದು ತುಂಡೂ ಗಂಟಲಲ್ಲಿ ನಿಂತು ಯೋಚಿಸಿ ಇಳಿಯುತ್ತಿತ್ತು. ಅವಳು ನೋಡುತ್ತಿದ್ದಳು. ತಟ್ಟೆ ಬರಿದು ಮಾಡಿದ.

ಹೊರಟಾಗ ಇನ್ನೂ ಬಿಸಿಲಿತ್ತು. ಯದೀರಾ ಒಳಗೆ ಪಾತ್ರೆ ತೊಳೆಯುತ್ತಿದ್ದಳು, ತೆರೆದ ಕಿಟಕಿಯಿಂದ ನಲ್ಲಿಯ ಸದ್ದು ಕೇಳುತ್ತಿತ್ತು. ಇಟ್ಸೆಲ್ ಬರಿಗಾಲಲ್ಲಿ ಪಿಕಪ್ಪಿನ ತನಕ ಓಡಿಬಂದು, ಬಗ್ಗು ಎಂದು ಸನ್ನೆ ಮಾಡಿದಳು. ಅವನು ಬಾಗಿಲ ಕಂಬಿ ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿದ.

"ಗ್ವೇಲೊ," ಎಂದು ಕಿವಿಯಲ್ಲಿ ಉಸುರಿದಳು, "ಅಮ್ಮ ಅತ್ರೂ ನಾನು ಹೇಳ್ಲಿಲ್ಲ. ಚಾಕಲೇಟ್ ಕೊಡ್ತೀನಂದ್ಲು, ಆದ್ರೂ ಹೇಳ್ಲಿಲ್ಲ. ನಾವು ಟಾಕೊ ತಿಂದಿದ್ದು ಯಾರಿಗೂ ಗೊತ್ತಿಲ್ಲ." ಹೆಮ್ಮೆಯಿಂದ ಮುಖ ಉಬ್ಬಿತ್ತು. ತುಟಿಗಳನ್ನು ಒಳಗೆಳೆದುಕೊಂಡು, ಬೀಗ ಹಾಕಿದಂತೆ ಬೆರಳು ತಿರುವಿ ತೋರಿಸಿದಳು. ಒಂದೇ ಒಂದು ಮಾತು, ಹೋಗು ಪುಟ್ಟಿ, ಅಮ್ಮಂಗೆ ಹೇಳು, ಎಂದು ಅವನು ಅಂದರೆ ಸಾಕಿತ್ತು, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಕಿಟಕಿಯಿತ್ತು. ಮಗು ಅವನ ಮುಖವನ್ನೇ ನೋಡುತ್ತ, ತಾನು ಮಾಡಿದ್ದು ಸರಿಯೇ ಎಂದು ಕೇಳುವ ಹಾಗೆ ಕಾದಿತ್ತು.

ನಲ್ಲಿ ನಿಂತಿತು. ಎವಾರಿಸ್ತೊ ಅವಳ ತಲೆ ಸವರಿದ.

"ಜಾಣೆ ಕಣೆ ನೀನು," ಎಂದ.